ಅಪ್ಪನದೂ ಕಪ್ಪು, ಅಮ್ಮನದೂ ಕಪ್ಪು, ಮಗಳದು ಮಾತ್ರ ಕೆಂಚು ಕೂದಲು. ಹೀಗಾಗುವುದುಂಟಾ?

ಬದಿಯಡ್ಕದ ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಬೇಡಿ. ನನ್ನ ಮಗಳಿಗೆ ಮೊನ್ನೆ 3 ವರ್ಷ ತುಂಬಿತು. ಹುಟ್ಟಿದಾಗ ಕೂದಲು ಕಡಿಮೆ ಇತ್ತು, ಬಣ್ಣ ಅಷ್ಟು ಗೊತ್ತಾಗುತ್ತಿರಲಿಲ್ಲ. ಈಗ ಅಂಗಳದ ಬಿಸಿಲಿಗೆ ನಿಂತರೆ ತಾಮ್ರದ ಹಂಡೆಯ ಬಣ್ಣ. ಪಕ್ಕದ ಮನೆಯವರು ಮಲಯಾಳದಲ್ಲಿ ಚೆಂಬನ್ ಮುಡಿ ಅನ್ನುತ್ತಾರೆ, ನಮ್ಮಲ್ಲಿ ಕೆಂಚು ಕೂದಲು. ನನ್ನದು ಅಚ್ಚ ಕಪ್ಪು. ಗಂಡನದೂ ಕಪ್ಪು. ಅತ್ತೆ ಮಾವ, ನನ್ನ ಅಪ್ಪ ಅಮ್ಮ, ನೆರೆಯುವ ಮೊದಲು ಎಲ್ಲರದೂ ಕಪ್ಪೇ ಇತ್ತಂತೆ.

ಹೋದ ವಾರ ಒಂದು ಉಪನಯನಕ್ಕೆ ಹೋಗಿದ್ದೆವು. ಊಟದ ಹಂತಿಯಲ್ಲಿ ಕೂತಿದ್ದಾಗ ಒಬ್ಬರು ಮಗುವಿನ ತಲೆ ಸವರಿ, "ಇದು ಯಾರ ಹಾಗೆ? ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ" ಅಂತ ಜೋರಾಗಿ ಕೇಳಿದರು. ಆಚೆ ಈಚೆ ಕೂತವರು ನಕ್ಕರು. ಎಲೆಗೆ ಬಡಿಸಿದ ಪಾಯಸ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಗಂಡ ತಲೆ ತಗ್ಗಿಸಿ ಊಟ ಮುಗಿಸಿದರು. ಅವರಿಗೆ ನನ್ನ ಮೇಲೆ ಅನುಮಾನ ಇಲ್ಲ, ಅದು ನನಗೆ ಗೊತ್ತು. ಆದರೆ ಏನು ಉತ್ತರ ಹೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ದಯವಿಟ್ಟು ತಿಳಿದವರು ಹೇಳಿ. ಕಪ್ಪಿಗೂ ಕಪ್ಪಿಗೂ ಕೆಂಚು ಹುಟ್ಟುತ್ತದಾ? ಇದು ಏನಾದರೂ ಕಾಯಿಲೆಯಾ? ನಾನು ಈಗ 5 ತಿಂಗಳ ಬಸುರಿ, ಹಾಗಾಗಿ ತಲೆಯಲ್ಲಿ ಅದೇ ಸುತ್ತುತ್ತಿದೆ.

ಪೆರ್ಲದ ದೊಡ್ಡಮ್ಮ:
ಮಗಾ, ಮೊದಲು ಅಳುವುದು ನಿಲ್ಲಿಸು. ಬಸುರಿ ಹೆಂಗಸು ಊಟದ ಎಲೆ ಮುಂದೆ ಕಣ್ಣೀರು ಹಾಕಬಾರದು. ನನ್ನ ಎರಡನೆಯ ಮಗಳಿಗೆ ಹೀಗೇ ಇತ್ತು. 10 ವರ್ಷ ಆಗುವಾಗ ಕಪ್ಪಾಯಿತು. ನಾವು ಚೌಲ ಮಾಡಿಸಿದ್ದೆವು, ಆಮೇಲೆ ಗರುಗದ ಸೊಪ್ಪು, ನೆಲ್ಲಿಕಾಯಿ, ದಾಸವಾಳದ ಎಲೆ ಹಾಕಿ ಎಣ್ಣೆ ಕಾಸಿ ಹಚ್ಚುತ್ತಿದ್ದೆ. ನೀನೂ ಮಾಡಿ ನೋಡು. ನಮ್ಮ ಮನೆಯಲ್ಲಿ ಗರುಗ ಬೇಕಾದಷ್ಟು ಉಂಟು.

ನೀರ್ಚಾಲು ಮಾಷ್ಟ್ರು:
30 ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ತಂಗಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ಕಪ್ಪು ಕೂದಲಿನ ಇಬ್ಬರಿಗೆ ಕೆಂಚು ಕೂದಲಿನ ಮಗು ಹುಟ್ಟುತ್ತದೆ. ಅದರಲ್ಲಿ ವಿಚಿತ್ರ ಏನೂ ಇಲ್ಲ.

ಕೂದಲಿನ ಬುಡದಲ್ಲಿ, ಚರ್ಮದ ಒಳಗೆ, ಬಣ್ಣ ಮಾಡುವ ಕೋಶಗಳಿವೆ. ಕೂದಲು ಬೆಳೆಯುತ್ತಾ ಮೇಲೆ ಬರುವಾಗ ಅವು ಅದಕ್ಕೆ ಬಣ್ಣ ತುಂಬಿಸಿ ಕಳಿಸುತ್ತವೆ. ಆ ಬಣ್ಣದ ಹೆಸರು ಮೆಲನಿನ್. ಅದರಲ್ಲಿ ಎರಡು ಜಾತಿ. ಯೂಮೆಲನಿನ್ ಅಂದರೆ ಕಪ್ಪು ಮತ್ತು ಕಂದು. ಫಿಯೋಮೆಲನಿನ್ ಅಂದರೆ ಕೆಂಪು ಮತ್ತು ಹಳದಿ. ನಮ್ಮ ಕಪ್ಪು ಕೂದಲಲ್ಲೂ ಕೆಂಪಿನದು ಸ್ವಲ್ಪ ಇದ್ದೇ ಇರುತ್ತದೆ, ಕಪ್ಪು ತುಂಬಾ ಜಾಸ್ತಿ ಇರುವ ಕಾರಣ ಕಾಣುವುದಿಲ್ಲ. ಕಪ್ಪು ಸ್ವಲ್ಪ ಕಡಿಮೆಯಾದರೆ ಸಾಕು, ಬಿಸಿಲಿಗೆ ತಾಮ್ರ ಹೊಳೆಯುತ್ತದೆ. ಯಾವುದನ್ನು ಎಷ್ಟು ಮಾಡಬೇಕು ಅಂತ ಹೇಳುವುದು ಜೀನ್. ಪ್ರತಿಯೊಂದು ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತದೆ, ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ನಮ್ಮ ಮಗುವಿಗೆ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದು ಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ನಿಮ್ಮಲ್ಲಿ ಒಂದು ಪ್ರತಿ "ಕಪ್ಪು ಕಡಿಮೆ ಮಾಡು" ಅನ್ನುವಂಥದ್ದು ಇದ್ದರೂ, ಇನ್ನೊಂದು ಪ್ರತಿ ಸರಿಯಾಗಿ ಕೆಲಸ ಮಾಡಿದರೆ ಕೂದಲು ಕಪ್ಪಾಗಿಯೇ ಇರುತ್ತದೆ. ಗಂಡನಲ್ಲೂ ಹಾಗೇ ಒಂದು ಇರಬಹುದು. ಇಬ್ಬರದೂ ಆ ಪ್ರತಿಯೇ ಮಗಳಿಗೆ ಬಂತು ಅಂದುಕೊಳ್ಳಿ. ಅಲ್ಲಿಗೆ ಅಡಗಿದ್ದದ್ದು ಹೊರಗೆ ಬಂತು. ನಾಲ್ಕು ತಲೆಮಾರಿನಲ್ಲಿ ಯಾರಲ್ಲೂ ಕಾಣದೇ ಇದ್ದರೂ ಅದು ಸುಮ್ನೆ ಒಳಗೊಳಗೇ ಸಾಗಿ ಬರುತ್ತಿರುತ್ತದೆ.

ದೊಡ್ಡಮ್ಮ, ಬೇಸರ ಮಾಡಬೇಡಿ. ಎಣ್ಣೆ ಒಳ್ಳೆಯದೇ, ಕೂದಲು ಒಣಗುವುದಿಲ್ಲ. ಆದರೆ ಬಣ್ಣ ತಯಾರಾಗುವುದು ಚರ್ಮದ ಒಳಗೆ, ಎಣ್ಣೆ ಅಲ್ಲಿನ ಜೀನನ್ನು ಬದಲಿಸುವುದಿಲ್ಲ. ಬೋಳಿಸಿದರೂ ಬುಡದ ಕೋಶ ಅದೇ ಅಲ್ವಾ? ನಿಮ್ಮ ಮಗಳಿಗೆ ಕಪ್ಪಾದದ್ದು ವಯಸ್ಸಿನಿಂದ. ತುಂಬಾ ಮಕ್ಕಳಿಗೆ ಬೆಳೆಯುತ್ತಾ ಕಪ್ಪು ಜಾಸ್ತಿಯಾಗುತ್ತದೆ.

ಮುಳ್ಳೇರಿಯ ನರ್ಸರಿ:
ಮಾಷ್ಟ್ರೇ, ನೀವು ಹೇಳಿದ್ದು ಅರ್ಥ ಆಯಿತು, ಆದರೆ ನನಗೊಂದು ಸಂಶಯ. ತಪ್ಪು ತಿಳಿಯಬೇಡಿ, ಆ ಅಕ್ಕನ ಬಗ್ಗೆ ಅಲ್ಲ. ನಾನು ತೆಂಗಿನ ಸಸಿ ಮಾಡುವವನು. ಗೆಂದಾಳಿಯಂಥ ಕೇಸರಿ ಬಣ್ಣದ ಗಿಡ್ಡ ತಳಿಯ ಹಿಂಗಾರದಲ್ಲಿ ಗಂಡು ಹೂ ತೆಗೆದು, ಎತ್ತರದ ಮರದ ಪರಾಗ ಹಾಕಿ ಹೈಬ್ರಿಡ್ ಮಾಡುತ್ತೇವೆ. ಕಾಯಿ ಮೊಳಕೆ ಬಂದಾಗ ದಂಟಿನ ಬಣ್ಣ ನೋಡುತ್ತೇವೆ. ದಂಟು ಕೇಸರಿ ಇದ್ದರೆ ಅದು ಹೈಬ್ರಿಡ್ ಅಲ್ಲ, ಗಿಡ್ಡ ಮರದ್ದೇ ಪರಾಗ ಬಿದ್ದಿದೆ ಅಂತ ಅರ್ಥ, ತೆಗೆದು ಪಕ್ಕಕ್ಕೆ ಇಡುತ್ತೇವೆ. ಕಂದು ಬಣ್ಣ ಇದ್ದರೆ ಹೈಬ್ರಿಡ್. ಅಂದರೆ ಬಣ್ಣ ನೋಡಿ ಅಪ್ಪ ಯಾರು ಅಂತ ನಾವು ಹೇಳುತ್ತೇವಲ್ಲ? ಹಂತಿಯಲ್ಲಿ ಕೇಳಿದವರೂ ಅದನ್ನೇ ಮಾಡಿದ್ದು. ತೆಂಗಿಗೆ ಸರಿಯಾದದ್ದು ಮನುಷ್ಯರಿಗೆ ಯಾಕೆ ಸರಿಯಲ್ಲ?

ನೀರ್ಚಾಲು ಮಾಷ್ಟ್ರು:
ಇದು ಬಹಳ ಒಳ್ಳೆಯ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಆ ತಂಗಿಯ ಇಡೀ ಪ್ರಶ್ನೆಗೇ ಉತ್ತರ ಸಿಕ್ಕಿದ ಹಾಗೆ.

ನೀವೇ ಹೇಳಿ, ಗಿಡ್ಡ ತಳಿಯಲ್ಲಿ ಬಣ್ಣ ನೋಡಿ ಗುರುತಿಸಲು ಆಗುವುದು ಯಾಕೆ? ಗಿಡ್ಡ ಮರದ ಹಿಂಗಾರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ತಯಾರಾಗುತ್ತವೆ. ಹಾಗಾಗಿ ಅದರ ಪರಾಗ ಅದಕ್ಕೇ ಬೀಳುತ್ತದೆ. ತಲೆಮಾರಿನಿಂದ ತಲೆಮಾರಿಗೆ ಹೀಗೇ ಆಗಿ ಅದರ ಎರಡೂ ಪ್ರತಿ ಒಂದೇ ತರಹ ಆಗಿಬಿಟ್ಟಿದೆ. ಒಳಗೆ ಅಡಗಿದ ಬೇರೆ ಬಣ್ಣ ಇಲ್ಲ. ಕೇಸರಿಗೆ ಕೇಸರಿಯೇ ಹುಟ್ಟುತ್ತದೆ.

ಈಗ ನಮ್ಮೂರಿನ ಎತ್ತರದ ತೆಂಗನ್ನು ನೋಡಿ. ಅದರಲ್ಲಿ ಗಂಡು ಹೂ ಮೊದಲೇ ಉದುರಿ ಹೋಗುತ್ತದೆ, ಆಮೇಲೆ ಹೆಣ್ಣು ಹೂ ತಯಾರಾಗುತ್ತದೆ. ಬೇರೆ ಮರದ ಪರಾಗವೇ ಬರಬೇಕು. ಹಾಗಾಗಿ ಒಂದೊಂದು ಮರದ ಒಳಗೂ ಹತ್ತು ಮರದ ಗುಣ ಬೆರೆತಿರುತ್ತದೆ. ಒಂದೇ ಎತ್ತರದ ಮರದ 20 ಕಾಯಿ ಮೊಳಕೆಗೆ ಹಾಕಿದರೆ ದಂಟೆಲ್ಲ ಒಂದೇ ಬಣ್ಣ ಬರುತ್ತದಾ? ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮುಳ್ಳೇರಿಯ ನರ್ಸರಿ:
ಇಲ್ಲ ಮಾಷ್ಟ್ರೇ. ಹಸಿರೂ ಬರುತ್ತದೆ, ಕಂದೂ ಬರುತ್ತದೆ, ಎರಡೂ ಬೆರೆತದ್ದೂ ಬರುತ್ತದೆ. ಎತ್ತರದ ಮರದ ಸಸಿಯಲ್ಲಿ ಬಣ್ಣ ನೋಡಿ ಅಪ್ಪನ ಮರ ಯಾವುದು ಅಂತ ಯಾರೂ ಹೇಳಲಾರರು. ನಾವು ಹೇಳುವುದೂ ಇಲ್ಲ.

ನೀರ್ಚಾಲು ಮಾಷ್ಟ್ರು:
ಮನುಷ್ಯರು ಎತ್ತರದ ತೆಂಗಿನ ಹಾಗೆ. ಅಪ್ಪ ಅಮ್ಮ ಯಾವತ್ತೂ ಬೇರೆ ಬೇರೆ ಅಲ್ವಾ? ನಮ್ಮಲ್ಲಿ ಯಾರೂ ಗೆಂದಾಳಿ ಅಲ್ಲ. "ನಮ್ಮದು ಪೂರ್ತಿ ಕಪ್ಪು ಕೂದಲಿನ ವಂಶ" ಅನ್ನುವವರಿಗೆ ಒಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಕೂದಲು ನೋಡಿ ತಂದೆಯನ್ನು ಹುಡುಕುವುದು ತಪ್ಪು ಲೆಕ್ಕ, ಮತ್ತು ಆ ತಪ್ಪು ಲೆಕ್ಕಕ್ಕೆ ಒಬ್ಬ ಹೆಂಗಸು ಹಂತಿಯಲ್ಲಿ ಕೂತು ಅವಮಾನ ಅನುಭವಿಸಬೇಕು ಅಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಎತ್ತರದ್ದನ್ನೂ ಗಿಡ್ಡದ್ದನ್ನೂ ಸೇರಿಸಿ ಹೈಬ್ರಿಡ್ ತೆಂಗು ಮಾಡುವ ಕೆಲಸ ಶುರುವಾದದ್ದೇ ನಮ್ಮ ನೀಲೇಶ್ವರದಲ್ಲಿ, 1932ರಲ್ಲಿ. ಇವತ್ತಿಗೂ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಆ ಕೆಲಸ ನಡೆಯುತ್ತಿದೆ. ಗುಣ ಹೇಗೆ ಹರಿದು ಬರುತ್ತದೆ ಅಂತ ತಿಳಿಯಲು ನಾವು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ.

ಪೈವಳಿಕೆ ತಂಗಿ:
ನಾನು ಮಂಗಳೂರಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಮಾಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಒಂದು ಜೀನಿನ ಲೆಕ್ಕ ಅರ್ಥ ಮಾಡಿಕೊಳ್ಳಲು ಸುಲಭ, ಆದರೆ ಕೂದಲಿನ ಬಣ್ಣ ನಿಜದಲ್ಲಿ ತುಂಬಾ ಜೀನ್‌ಗಳ ಕೆಲಸ. 2018ರಲ್ಲಿ ಯುರೋಪ್ ಮೂಲದ ಸುಮಾರು 3 ಲಕ್ಷ ಜನರ ಮಾಹಿತಿ ನೋಡಿ, ಕೂದಲಿನ ಬಣ್ಣಕ್ಕೆ ಸಂಬಂಧಪಟ್ಟ 124 ಜೀನ್‌ಗಳನ್ನು ಗುರುತಿಸಿದರು. ಒಂದೊಂದೂ ಬಣ್ಣವನ್ನು ಸ್ವಲ್ಪ ಸ್ವಲ್ಪ ಆಚೆ ಈಚೆ ತಳ್ಳುತ್ತದೆ. ಅಪ್ಪನಿಂದ ನಾಲ್ಕು, ಅಮ್ಮನಿಂದ ಐದು "ಕಡಿಮೆ ಕಪ್ಪು" ಪ್ರತಿಗಳು ಒಟ್ಟಿಗೆ ಒಂದೇ ಮಗುವಿಗೆ ಬಂದರೆ, ಆ ಮಗುವಿನ ಕೂದಲು ಇಬ್ಬರಿಗಿಂತಲೂ ತಿಳಿಯಾಗುತ್ತದೆ. ಅದೇ ಮನೆಯ ಇನ್ನೊಂದು ಮಗುವಿಗೆ ಇಬ್ಬರಿಗಿಂತಲೂ ಕಪ್ಪು ಬರಬಹುದು.

ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆ ಕಾಣುವ ಅಚ್ಚ ಕೆಂಪು ಕೂದಲು ಮಾತ್ರ ಹೆಚ್ಚಾಗಿ ಒಂದೇ ಜೀನಿನಿಂದ ಬರುತ್ತದೆ. ಎಂಸಿ1ಆರ್ ಅಂತ ಅದರ ಹೆಸರು, 16ನೇ ಕ್ರೋಮೋಸೋಮಿನಲ್ಲಿದೆ. ಕೆಂಪು ಕೂದಲಿಗೂ ಅದಕ್ಕೂ ಸಂಬಂಧ ಇದೆ ಅಂತ ಗೊತ್ತಾದದ್ದು 1995ರಲ್ಲಿ. ಈ ಜೀನ್ ಸರಿಯಾಗಿ ಕೆಲಸ ಮಾಡಿದರೆ ಕೋಶ ಕಪ್ಪು ಬಣ್ಣ ಮಾಡುತ್ತದೆ. ಎರಡೂ ಪ್ರತಿ ಸೋತರೆ ಕೆಂಪೇ ಉಳಿಯುತ್ತದೆ.

ನನಗೆ ಬಹಳ ಇಷ್ಟವಾದದ್ದು ಸೊಲೊಮನ್ ದ್ವೀಪದ ಕಥೆ. ಶಾಂತ ಸಾಗರದಲ್ಲಿದೆ. ಅಲ್ಲಿನವರ ಮೈಬಣ್ಣ ನಮಗಿಂತಲೂ ಕಪ್ಪು, ಆದರೆ ನೂರರಲ್ಲಿ 5ರಿಂದ 10 ಜನಕ್ಕೆ ಹೊಂಬಣ್ಣದ ಕೂದಲು. ಬಿಳಿಯರ ರಕ್ತ ಬೆರೆತಿದೆ ಅಂತ ಹೊರಗಿನವರು ಹೇಳುತ್ತಿದ್ದರು. ಬಿಸಿಲು, ಉಪ್ಪು ನೀರು, ಮೀನು ತಿನ್ನುವುದು ಅಂತಲೂ ಹೇಳುತ್ತಿದ್ದರು. 2012ರಲ್ಲಿ ಪರೀಕ್ಷೆ ಮಾಡಿ ನೋಡಿದರೆ ಟಿವೈಆರ್‌ಪಿ1 ಅನ್ನುವ ಜೀನಿನಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸ. ಅದು ಯುರೋಪಿನವರ ಹೊಂಬಣ್ಣದ ಕೂದಲಿನಲ್ಲಿ ಇಲ್ಲವೇ ಇಲ್ಲ, ಆ ಭಾಗದ ದ್ವೀಪದವರದ್ದೇ ಸ್ವಂತ. ಎರಡು ಪ್ರತಿ ಬಂದವರಿಗೆ ಮಾತ್ರ ಹೊಂಬಣ್ಣ. ಅಂದರೆ ಅಲ್ಲಿಯೂ ಕಪ್ಪು ಕೂದಲಿನ ಅಪ್ಪ ಅಮ್ಮನಿಗೆ ಹೊಂಬಣ್ಣದ ಮಗು ಹುಟ್ಟುತ್ತದೆ. ಅಕ್ಕ, ಯಾರಾದರೂ ಇನ್ನೊಮ್ಮೆ ಕೇಳಿದರೆ ಇದನ್ನು ಹೇಳಿ.

ಹೊಸಂಗಡಿ ಹಟ್ಟಿ:
ಪೈವಳಿಕೆ ತಂಗಿ ಹೇಳಿದ ಎಂಸಿ1ಆರ್ ದನಗಳಲ್ಲೂ ಇದೆಯಾ? ನಮ್ಮ ಹಟ್ಟಿಯಲ್ಲಿ ಕಪ್ಪು ಬಿಳಿ ಎಚ್‌ಎಫ್ ದನ ಇದೆ. ಕಪ್ಪು ಬಿಳಿ ಹೋರಿಯದ್ದೇ ಇಂಜೆಕ್ಷನ್ ಮಾಡಿಸಿದ್ದು. ಹುಟ್ಟಿದ್ದು ಕೆಂಪು ಬಿಳಿ ಕರು. ಇಂಜೆಕ್ಷನ್ ತಪ್ಪಿ ಹೋಯಿತೋ ಅಂತ ನಾನು ಡಾಕ್ಟರ ಹತ್ತಿರ ಜಗಳಕ್ಕೇ ಹೋಗಿದ್ದೆ.

ಪೈವಳಿಕೆ ತಂಗಿ:
ಇದೆ ಅಣ್ಣ, ಅದೇ ಜೀನ್. ಆ ತಳಿಯಲ್ಲಿ ಕಪ್ಪು ಬಲವಾದದ್ದು, ಕೆಂಪು ಅಡಗುವಂಥದ್ದು. ದನದಲ್ಲಿ ಒಂದು ಕೆಂಪು ಪ್ರತಿ, ಹೋರಿಯಲ್ಲಿ ಒಂದು ಕೆಂಪು ಪ್ರತಿ ಇದ್ದರೆ ನಾಲ್ಕರಲ್ಲಿ ಒಂದು ಕರು ಕೆಂಪಾಗುವ ಸಾಧ್ಯತೆ ಇದೆ. ಡಾಕ್ಟರದ್ದು ತಪ್ಪಿರಲಿಕ್ಕಿಲ್ಲ.

ಹೊಸಂಗಡಿ ಹಟ್ಟಿ:
ಹಾಗಾದರೆ ನಾಳೆ ಡಾಕ್ಟರಿಗೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ಬದಿಯಡ್ಕದ ಅಕ್ಕ, ದನದ ವಿಷಯಕ್ಕೇ ನಾನು ಅಷ್ಟು ಸಿಟ್ಟಾಗಿದ್ದೆ. ನಿಮಗೆ ಎಷ್ಟು ನೋವಾಗಿರಬೇಕು.

ಮಂಜೇಶ್ವರದ ದಾದಿ:
ಎಲ್ಲರೂ ಜೀನ್ ಬಗ್ಗೆ ಚೆನ್ನಾಗಿ ಹೇಳಿದಿರಿ. ಆದರೆ ಕಾಯಿಲೆಯಾ ಅಂತ ಅವರು ಕೇಳಿದ್ದಕ್ಕೂ ಉತ್ತರ ಬೇಕು. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು.

ಮೊದಲು ಮನೆಯಲ್ಲೇ ಒಂದು ನೋಡಿ. ಮಗುವಿನ ಕೂದಲನ್ನು ಬೈತಲೆ ತೆಗೆದು ಬುಡ ಮತ್ತು ತುದಿ ಹೋಲಿಸಿ. ಬುಡ ಕಪ್ಪಿದ್ದು ತುದಿ ಕೆಂಪಿದ್ದರೆ ಅದು ಬಿಸಿಲಿನ ಕೆಲಸ. ಬಿಸಿಲು ಮೆಲನಿನ್ನನ್ನು ಒಡೆಯುತ್ತದೆ, ಇಡೀ ದಿನ ಅಂಗಳದಲ್ಲಿ ಆಡುವ ಮಕ್ಕಳಿಗೆ ಹೀಗಾಗುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಬಣ್ಣ ಇದ್ದರೆ ಹುಟ್ಟುಗುಣ.

ಇನ್ನು ಚಿಂತೆ ಮಾಡಬೇಕಾದದ್ದು ಯಾವಾಗ? ಮೊದಲು ಕಪ್ಪಿದ್ದ ಕೂದಲು ಕೆಂಪಾಗಿ, ತೆಳುವಾಗಿ, ಎಳೆದರೆ ಸುಲಭವಾಗಿ ಬರುತ್ತಿದ್ದರೆ, ಜೊತೆಗೆ ಕಾಲು ಊದಿದ್ದರೆ, ತೂಕ ಏರದಿದ್ದರೆ ಅದು ಪ್ರೋಟೀನ್ ಕೊರತೆ ಇರಬಹುದು. ಒಂದೇ ಕೂದಲಲ್ಲಿ ಪಟ್ಟಿ ಪಟ್ಟಿಯಾಗಿ ತಿಳಿ ಮತ್ತು ಕಪ್ಪು ಕಂಡರೂ ಅದೇ ಸೂಚನೆ, ಊಟ ಸರಿ ಇದ್ದಾಗ ಕಪ್ಪು ಬೆಳೆದಿದೆ, ಇಲ್ಲದಾಗ ತಿಳಿ ಬೆಳೆದಿದೆ. ಕೂದಲು ಪೂರ್ತಿ ಬಿಳಿ, ಚರ್ಮ ಬಿಳಿ, ಕಣ್ಣುಗುಡ್ಡೆ ಅಲುಗುತ್ತಿದ್ದರೆ ಬೇರೆ ವಿಷಯ, ಅದು ಮೆಲನಿನ್ ಸರಿಯಾಗಿ ತಯಾರಾಗದ ಆಲ್ಬಿನಿಸಂ ಇರಬಹುದು. ಮುಂದಲೆಯಲ್ಲಿ ಹುಟ್ಟಿನಿಂದಲೇ ಒಂದು ಬಿಳಿ ಜೊಂಪೆ ಇದ್ದರೆ ಕಿವಿ ಪರೀಕ್ಷೆ ಮಾಡಿಸಬೇಕು, ಕೆಲವರಲ್ಲಿ ಅದರ ಜೊತೆ ಕಿವುಡು ಇರುತ್ತದೆ. ಕೂದಲು ಬೆಳ್ಳಿಯ ಹಾಗೆ ಹೊಳೆಯುತ್ತಾ ಮಗುವಿಗೆ ಪದೇ ಪದೇ ಜ್ವರ, ಸೋಂಕು ಬರುತ್ತಿದ್ದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅಂಗನವಾಡಿಯ ತೂಕದ ಕಾರ್ಡಿನಲ್ಲಿ ಗೆರೆ ಸರಿಯಾಗಿ ಏರುತ್ತಿದೆಯಾ ನೋಡಿ. ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ ಮನಸ್ಸು ಹಗುರ ಮಾಡಿಕೊಳ್ಳಿ. ಯಾರು ಹೇಳಿದರೂ 3 ವರ್ಷದ ಮಗುವಿನ ತಲೆಗೆ ಕಪ್ಪು ಡೈ, ಕಪ್ಪು ಮೆಹಂದಿ ಹಚ್ಚಬೇಡಿ. ಅದರಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕದಿಂದ ಚರ್ಮ ಸುಟ್ಟ ಹಾಗೆ ಗುಳ್ಳೆ ಏಳಬಹುದು. ನಾನು ಕಣ್ಣಾರೆ ನೋಡಿದ್ದೇನೆ.

ಕುಂಬಳೆಯ ಅಕ್ಕ:
ದಾದಿ ಅಕ್ಕ ಹೇಳಿದ ಬೇರೆ ವಿಷಯ ನಮ್ಮ ಮನೆಯದು. ನನ್ನ ತಮ್ಮ ಹುಟ್ಟುವಾಗಲೇ ಕೂದಲು, ಹುಬ್ಬು ಎಲ್ಲ ಬಿಳಿ. ಅಮ್ಮನಿಗೆ ಅಪ್ಪ ಸೋದರಮಾವನ ಮಗ. ಬಸುರಿಯಲ್ಲಿ ಗ್ರಹಣ ನೋಡಿದ್ದಾಳೆ ಅಂತ ಅಜ್ಜಿ ಸಾಯುವವರೆಗೂ ಅಮ್ಮನನ್ನೇ ದೂರಿದರು. ತಮ್ಮನಿಗೆ 14 ವರ್ಷ ಆದ ಮೇಲೆ ಒಬ್ಬ ಕಣ್ಣಿನ ಡಾಕ್ಟರು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಮೆಲನಿನ್ ಮಾಡುವ ಒಂದು ಜೀನಿನ ಕೆಲಸ ಮಾಡದ ಪ್ರತಿ ಅಪ್ಪನಲ್ಲೂ ಒಂದು, ಅಮ್ಮನಲ್ಲೂ ಒಂದು ಇತ್ತು. ಹತ್ತಿರದ ಸಂಬಂಧ ಆದ ಕಾರಣ ಇಬ್ಬರಿಗೂ ಒಂದೇ ಹಿರಿಯರಿಂದ ಬಂದಿರುವ ಸಾಧ್ಯತೆ ಜಾಸ್ತಿ. ಪ್ರತಿ ಬಸುರಿಯಲ್ಲೂ ನಾಲ್ಕರಲ್ಲಿ ಒಂದು ಪಾಲು ಅವಕಾಶ. ಅಪ್ಪ ಆ ಕಾಗದ ಮಡಚಿ ಜೇಬಲ್ಲಿ ಇಟ್ಟುಕೊಂಡರು, ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದನ್ನು ಇವತ್ತಿಗೂ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ತಮ್ಮನಿಗೆ ಬೋರ್ಡ್ ಕಾಣುತ್ತಿರಲಿಲ್ಲ, ಎಷ್ಟೋ ವರ್ಷ ಅವನನ್ನು ದಡ್ಡ ಅಂದರು. ಮುಂದಿನ ಬೆಂಚಿಗೆ ಕೂರಿಸಿ, ಕನ್ನಡಕ ಹಾಕಿಸಿ, ದೊಡ್ಡ ಅಕ್ಷರದ ಪುಸ್ತಕ ಕೊಟ್ಟ ಮೇಲೆ ಚೆನ್ನಾಗಿ ಓದಿದ. ಬಿಸಿಲಿಗೆ ಉದ್ದ ತೋಳಿನ ಅಂಗಿ, ಕೊಡೆ ಬೇಕೇ ಬೇಕು. ಈಗ ಕೆಲಸದಲ್ಲಿದ್ದಾನೆ. ಆ ಕಾಗದ 14 ವರ್ಷ ಮೊದಲೇ ಸಿಕ್ಕಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಉಪ್ಪಳದ ಹುಡುಗ:
ನನ್ನದು ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ವಯಸ್ಸು 22, ಅರ್ಧ ತಲೆ ನೆರೆದಿದೆ. ಅಪ್ಪನಿಗೂ ಬಾಲನೆರೆ ಇತ್ತು. ಇದೂ ಹುಟ್ಟಿನಿಂದ ಬರುವುದಾ?

ಮಂಜೇಶ್ವರದ ದಾದಿ:
ಹೌದು ತಮ್ಮ, ಮನೆತನದಲ್ಲಿ ಬರುತ್ತದೆ. ನಮ್ಮ ಏಷ್ಯಾದವರಲ್ಲಿ 25ಕ್ಕೆ ಮೊದಲು ನೆರೆತರೆ ಬಾಲನೆರೆ ಅಂತ ಲೆಕ್ಕ. ಆದರೂ ಬಿ12 ಮತ್ತು ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸು, ಕೊರತೆ ಇದ್ದರೆ ಅದೂ ಕಾರಣ ಆಗಬಹುದು. ಸಿಗರೇಟು ಇದ್ದರೆ ಬಿಡು.

ಪೈವಳಿಕೆ ತಂಗಿ:
ನೆರೆಯುವುದಕ್ಕೆ ಸಂಬಂಧಪಟ್ಟ ಮೊದಲ ಜೀನ್ ಗೊತ್ತಾದದ್ದು 2016ರಲ್ಲಿ, ಐಆರ್‌ಎಫ್4. ಲ್ಯಾಟಿನ್ ಅಮೆರಿಕದ 6,000ಕ್ಕೂ ಜಾಸ್ತಿ ಜನರನ್ನು ನೋಡಿ ಕಂಡುಹಿಡಿದರು.

ಪೆರ್ಲದ ದೊಡ್ಡಮ್ಮ:
ಎಲ್ಲ ಓದಿದೆ, ಮೊಮ್ಮಗ ಓದಿ ಹೇಳಿದ. ಮಾಷ್ಟ್ರು ಹೇಳಿದ್ದು ಸರಿ ಇರಬಹುದು. ನನ್ನ ಮಗಳಿಗೂ ಆಗ ಊರಿನವರು ಬಾಯಿಗೆ ಬಂದದ್ದು ಹೇಳಿದ್ದರು. ನಾನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಎಣ್ಣೆ ಕಾಸುತ್ತಾ ಇದ್ದೆ. ಬದಿಯಡ್ಕದ ಮಗು, ಗರುಗದ ಎಣ್ಣೆ ಕಳಿಸುತ್ತೇನೆ, ಬಣ್ಣಕ್ಕಲ್ಲ, ಬಾಣಂತಿ ಆದ ಮೇಲೆ ನಿನ್ನ ತಲೆಗೆ ಹಚ್ಚಿಕೊಳ್ಳಲು.

ಬದಿಯಡ್ಕದ ಅಮ್ಮ:
10 ದಿನದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ಡಾಕ್ಟರಿಗೆ ತೋರಿಸಿದೆವು. ಕೂದಲು ಬುಡದಿಂದ ತುದಿಯವರೆಗೆ ಒಂದೇ ಬಣ್ಣ, ತುದಿ ಸ್ವಲ್ಪ ಜಾಸ್ತಿ ತಿಳಿ ಅಷ್ಟೆ. ತೂಕ, ಎತ್ತರ, ಕಣ್ಣು, ಕಿವಿ ಎಲ್ಲ ಸರಿ ಇದೆ. ರಕ್ತದಲ್ಲಿ ಕಬ್ಬಿಣ ಸ್ವಲ್ಪ ಕಡಿಮೆ, ಅದಕ್ಕೆ ಸಿರಪ್ ಕೊಟ್ಟರು. ಸಿರಪ್‌ನಿಂದ ಕೂದಲು ಕಪ್ಪಾಗುತ್ತದೆ ಅಂತ ಕಾಯಬೇಡಿ, ಅದು ಅವಳ ಬಣ್ಣ ಅಂದರು.

ದೊಡ್ಡಮ್ಮ, ನಿಮ್ಮ ಮಾತು ಓದಿ ಅಳು ಬಂತು. ಎಣ್ಣೆ ಖಂಡಿತ ಕಳಿಸಿ.

ಮಾಷ್ಟ್ರೇ, ಒಂದೇ ಪ್ರಶ್ನೆ ಉಳಿದಿದೆ. ಹೊಟ್ಟೆಯಲ್ಲಿರುವ ಮಗುವಿಗೆ ಯಾವ ಬಣ್ಣ ಬರಬಹುದು?

ನೀರ್ಚಾಲು ಮಾಷ್ಟ್ರು:
ಹೇಳಲು ಆಗುವುದಿಲ್ಲ ತಂಗಿ. ಒಂದೇ ಜೀನ್ ಆಗಿದ್ದರೆ ನಾಲ್ಕರಲ್ಲಿ ಒಂದು ಅನ್ನುತ್ತಿದ್ದೆ, ಇದು ತುಂಬಾ ಜೀನ್‌ಗಳದ್ದು. ಮೊದಲನೆಯದಕ್ಕೆ ಕೆಂಚು ಬಂತು ಅಂತ ಎರಡನೆಯದಕ್ಕೆ ಬರಲೇಬೇಕು ಅಂತಲೂ ಇಲ್ಲ, ಬರಬಾರದು ಅಂತಲೂ ಇಲ್ಲ. ಪ್ರತಿ ಮಗುವಿಗೂ ಹೊಸದಾಗಿ ಹಂಚಿಕೆ ಆಗುತ್ತದೆ. ಹುಟ್ಟಿದ ಕೂಡಲೇ ನೋಡಿಯೂ ನಿರ್ಧಾರ ಮಾಡಬೇಡಿ. ಆ ಮೊದಲ ಕೂದಲು ಉದುರಿ ಬೇರೆ ಬರುತ್ತದೆ, ಬಣ್ಣ ವರ್ಷಗಟ್ಟಲೆ ಬದಲಾಗುತ್ತಾ ಇರುತ್ತದೆ.

ಬದಿಯಡ್ಕದ ಅಪ್ಪ:
ಹಂತಿಯಲ್ಲಿ ಸುಮ್ಮನೆ ಕೂತವನು ನಾನೇ. ಹೆಂಡತಿ ಇದನ್ನೆಲ್ಲ ತೋರಿಸಿದಳು, ರಾತ್ರಿ ಕೂತು ಪೂರ್ತಿ ಓದಿದೆ. ಅವತ್ತು ನಾನು ಮಾತಾಡಬೇಕಿತ್ತು, ಉತ್ತರ ಗೊತ್ತಿಲ್ಲದಿದ್ದರೂ ಮಾತಾಡಬೇಕಿತ್ತು. ಮುಂದಿನ ತಿಂಗಳು ಅದೇ ಬಳಗದಲ್ಲಿ ಮದುವೆ ಉಂಟು. ಮಗಳನ್ನು ನಾನೇ ಎತ್ತಿಕೊಂಡು ಹೋಗುತ್ತೇನೆ. ಯಾರ ಹಾಗೆ ಅಂತ ಕೇಳಿದರೆ ಇಬ್ಬರ ಹಾಗೆ ಅನ್ನುತ್ತೇನೆ, ಮುಂದೆ ಕೇಳಿದರೆ ತೆಂಗಿನ ಲೆಕ್ಕ ಹೇಳುತ್ತೇನೆ.

ನರ್ಸರಿ ಅಣ್ಣ, ಎತ್ತರದ ತಳಿಯ ಎರಡು ಸಸಿ ಬೇಕಿತ್ತು. ಒಂದೇ ಮರದ್ದು, ದಂಟಿನ ಬಣ್ಣ ಬೇರೆ ಬೇರೆ ಇರುವಂಥದ್ದು. ಭಾನುವಾರ ಬಂದರೆ ಸಿಗಬಹುದಾ?

ಮುಳ್ಳೇರಿಯ ನರ್ಸರಿ:
ಉಂಟು, ತೆಗೆದಿಡುತ್ತೇನೆ. ಮಗುವನ್ನೂ ಕರೆದುಕೊಂಡು ಬನ್ನಿ, ಅವಳೇ ಆರಿಸಲಿ.